ಹಸಿವಿಲ್ಲದ ಕಾವಲುಗಾರ

ನಾನು ಬೆಸೆದ ಹಾಲಿನ ಟ್ಯಾಂಕನ್ನು ಒಮ್ಮೆ ಒಂದು ಇರುವೆ ಹತ್ತಲು ಹೋಗಿ, ಬೆಸುಗೆಯ ಗೆರೆ ಮೇಲೆ ಕಾಲು ಜಾರಿ ಬಿದ್ದಿತ್ತು. ಅಷ್ಟು ನುಣುಪು. ಅದನ್ನು ಕಣ್ಣಾರೆ ಕಂಡ ಇಂಜಿನಿಯರ್ ಸಾಹೇಬರು ತೀರಿಕೊಂಡು ಬಹಳ ಕಾಲವಾಯಿತು. ಇರುವೆಯೂ ಈಗ ಇರಲಿಕ್ಕಿಲ್ಲ.

ಅಂಥ ಕೈಯಲ್ಲಿ ಪಳಗಿದವನು ನನ್ನ ಶಿಷ್ಯ ಫಕೀರೇಶ. ಹೊಳೆದಂಡೆಯ ಮಠಕ್ಕೆ ಹತ್ತಿಕೊಂಡೇ ನಮ್ಮ ವೆಲ್ಡಿಂಗ್ ಶೆಡ್ಡು.

ಒಂದು ದಿನ ಮಠದ ಸ್ಟೀಲ್ ಕೊಪ್ಪರಿಗೆ ತಳ ಬಿರಿದು ಬಂತು. ಮರುದಿನದ ದಾಸೋಹದ ಪಾಯಸ ಅದರಲ್ಲೇ ಆಗಬೇಕು.

"ಗುರುಗಳೇ, ಇದನ್ನ ನಾನೊಬ್ಬನೇ ಮಾಡ್ತೀನಿ. ನೀವು ಮುಟ್ಟಬ್ಯಾಡ್ರಿ."

"ಮಾಡು. ಸೋರಲಿಲ್ಲಾಂದ್ರ ಇವತ್ತಿನಿಂದ ಸ್ಟೀಲ್ ಬೆಸೆಯೋ ಟಿಗ್ ಟಾರ್ಚು ನಿಂದು. ಸೋರಿತೋ, ಇನ್ನೊಂದು ವರ್ಷ ಗ್ರೈಂಡರ್ ಹಿಡಿ."

ಆ ಟಾರ್ಚಿಗೆ ಹಾಕುವ ಆರ್ಗಾನ್ ಗ್ಯಾಸಿನ ಸಿಲಿಂಡರ್ ತಳ ಹತ್ತಿತ್ತು. ಗೇಟು ಬೆಸೆಯುವ ಮಷೀನಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತುಂಬಿತ್ತು. ಫಕೀರೇಶ ಅದರ ಪೈಪನ್ನು ತಂದು ಟಾರ್ಚಿಗೆ ಸಿಕ್ಕಿಸಿದ.

"ಗ್ಯಾಸ್ ಯಾವುದಾದ್ರೇನ್ರಿ? ಹೊರಗಿನ ಗಾಳಿ ತಡೆದ್ರ ಸಾಕಲ್ಲ?"

ನಾನು ಎಲೆಗೆ ಸುಣ್ಣ ಹಚ್ಚುತ್ತಾ ಕೂತೆ.

ಟಾರ್ಚು ಹೊತ್ತಿತು. ಅದರ ಬಾಯಲ್ಲಿನ ಟಂಗ್‌ಸ್ಟನ್ ಕಡ್ಡಿಯ ಚೂಪು ತುದಿ ಉರಿದು ಮೊಂಡಾಯಿತು. ಬೆಸುಗೆ ಕಪ್ಪಗಾಗಿ, ತೂತು ತೂತಾಗಿ ಎದ್ದಿತು. ಫಕೀರೇಶನ ಮುಖಕ್ಕೂ ಅದೇ ಬಣ್ಣ ಬಂತು.

"ಈ ಗ್ಯಾಸೂ ಗಾಳಿ ಬರದಂಗ ಕಾವಲು ಕಾಯ್ತದಲ್ರೀ?"

"ಪಾಯಸದ ಕೋಣಿಗೆ ಯಾರನ್ನ ಕಾವಲು ಇಡ್ತಿ?" ಅಂತ ಕೇಳಿದೆ.

"ಗಟ್ಟಿ ಆಳನ್ನ."

"ಆಳು ಹಸಿದಿದ್ರ?"

ಫಕೀರೇಶ ತಲೆ ಕೆರೆದುಕೊಂಡ. "ಹೊರಗಿನವರನ್ನ ತಡೀತಾನ್ರಿ. ಒಳಗ ತಾನ ಉಣ್ತಾನ."

"ಈ ಗ್ಯಾಸು ಆ ಆಳು. ಟಾರ್ಚಿನ ಕಾವಿಗೆ ಒಡೆದು ಆಮ್ಲಜನಕ ಬಿಡ್ತದ. ಅದು ಕಡ್ಡೀನೂ ತಿಂತದ, ಕರಗಿದ ಸ್ಟೀಲನ್ನೂ ತಿಂತದ. ಗೇಟಿನ ಮಷೀನಿನಾಗ ಟಂಗ್‌ಸ್ಟನ್ ಇಲ್ಲ, ಅಲ್ಲಿ ನಡೀತದ. ಆರ್ಗಾನಿಗೆ ಹಸಿವೇ ಇಲ್ಲ. ಯಾರನ್ನೂ ಮುಟ್ಟೂದಿಲ್ಲ, ಸುಮ್ಮನ ನಿಲ್ತದ."

"ಹೀಲಿಯಮ್ಮಿಗೂ ಹಸಿವಿಲ್ಲ ಅಂತಾರಲ್ರೀ?"

"ದಪ್ಪ ತಾಮ್ರ ಬಂದಾಗ ಅದನ್ನ ಕೇಳು. ಹೀಲಿಯಮ್ಮಿನಾಗ ಕಾವು ಜಾಸ್ತಿ. ಈ ತೆಳು ತಳಕ್ಕ ಯಾಕ?"

ಫಕೀರೇಶ ಕೆಟ್ಟ ಬೆಸುಗೆಯನ್ನೆಲ್ಲ ಉಜ್ಜಿ ತೆಗೆದ. ಹೊಸ ಕಡ್ಡಿ ಚೂಪು ಮಾಡಿ, ಆರ್ಗಾನ್ ಪೈಪನ್ನು ಮತ್ತೆ ಸಿಕ್ಕಿಸಿದ. ಉಳಿದ ಆರ್ಗಾನ್ ಒಂದೇ ಸಲಕ್ಕೆ ಸಾಕಾಗುವಷ್ಟು. ಮತ್ತೆ ತಪ್ಪಿದರೆ ಪಾಯಸವೂ ಇಲ್ಲ, ಟಾರ್ಚೂ ಇಲ್ಲ.

ಹೊತ್ತಿಸುವ ಮುಂಚೆ ಎದ್ದು ಹೋಗಿ, ಹೊಳೆ ಕಡೆಯ ಕಿಟಕಿ ಮುಚ್ಚಿ ಬಂದ. ಗಾಳಿ ಬೀಸಿದರೆ ಆರ್ಗಾನ್ ಹಾರಿಹೋಗುತ್ತದೆ ಅಂತ ನಾನು ಹೇಳಿರಲಿಲ್ಲ. ನನ್ನ ಎದೆ ಒಂದು ಗೇಣು ಉಬ್ಬಿತು.

ಬೆಸುಗೆ ಒಂದೇ ಸಮನೆ ಎಳೆ ಎಳೆಯಾಗಿ ಕೂತಿತು, ತಿಳಿ ಹೊನ್ನಿನ ಬಣ್ಣ. ನೀರು ತುಂಬಿ, ಕೆಳಗೆ ಒಣ ಬೂದಿ ಹರಡಿ ಕಾದೆವು. ಬೂದಿಗೆ ಒಂದು ಹನಿಯೂ ಬೀಳಲಿಲ್ಲ.

ಟಾರ್ಚನ್ನು ಎತ್ತಿ ಫಕೀರೇಶನ ಕೈಗಿಟ್ಟೆ.

"ಯಾರ ಶಿಷ್ಯ ಹೇಳು ನೀನು? ಡ್ಯಾಮಿನ ನೆತ್ತಿ ಮ್ಯಾಲೆ ಕೂತು, ಬಿರುಗಾಳಿಯಾಗ, ಇದೇ ಆರ್ಗಾನ್ ಹಿಡಿದು ಪೈಪು ಬೆಸೆದವ ನಾನು! ಗ್ವಾಡಿ ಇಲ್ಲ, ಪರದಾ ಇಲ್ಲ!"

ಫಕೀರೇಶ ಮುಚ್ಚಿದ ಕಿಟಕಿಯನ್ನು ನೋಡಿದ. ನನ್ನನ್ನು ನೋಡಿದ.

"ಬಿರುಗಾಳಿಯಾಗ ಆರ್ಗಾನ್ ನಿಂತಿತ್ತೇನ್ರಿ, ಗುರುಗಳೇ?"

ನಾನು ಹೆಗಲ ಮೇಲಿನ ಟವೆಲ್ ಕೊಡವಿದೆ.

"ಆಗಿನ ಗಾಳಿಗೆ ಮರ್ಯಾದಿ ಇತ್ತು."