ಸುಣಗಾರವ್ವನ ಹೊಂಡ

ತಾಮ್ರಗುಡ್ಡದ ಬುಡದಲ್ಲಿ ಒಂದರ ಕೆಳಗೊಂದು ಮೂರು ಹೊಂಡಗಳಿವೆ. ಮೇಲಿನದು ತುಕ್ಕುಗೆಂಪು, ನಡುವಿನದರ ಅಂಚು ಸುಣ್ಣದ ಬಿಳುಪು, ಕೆಳಗಿನದು ತಿಳಿ. ಈ ತಿಳಿನೀರಿನದನ್ನೇ ಸುಣಗಾರವ್ವನ ಹೊಂಡ ಎನ್ನುತ್ತಾರೆ. ಅಲ್ಲಿ ಗುಡಿಯಿಲ್ಲ, ವಿಗ್ರಹವೂ ಇಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಗಣಿ ತೋಡುವವರು ಗುಡ್ಡದೊಳಗಿನ ಸೆಲೆಯೊಂದನ್ನು ಒಡೆದರು. ಹೊರಬಂದ ನೀರು ಕೆಂಪು, ಬಾಯಿಗಿಟ್ಟರೆ ಹುಳಿ. ಊರಿಗೆ ಬೇರೆ ನೀರಿರಲಿಲ್ಲ. ಮೊದಲು ಮೀನು ತೇಲಿದವು, ಆಮೇಲೆ ಕರುಗಳು ಬಿದ್ದವು, ಕೊನೆಗೆ ತೊಟ್ಟಿಲ ಮಕ್ಕಳ ಸರದಿ. ಊರವರು ಹೆಚ್ಚಾಗಿ ತಾಮ್ರದ ಕೆಲಸದವರು. ಕಿಲುಬು ಹಿಡಿದ ತಾಮ್ರಕ್ಕೆ ಹುಣಿಸೆ ತಿಕ್ಕಿ ಬಲ್ಲವರು. ಇದೂ ತಾಮ್ರದ ಕಿಲುಬೇ ಎಂದು ಗಾಡಿಗಟ್ಟಲೆ ಹುಣಿಸೆ ಕಿವುಚಿ ಹೊಂಡಗಳಿಗೆ ಸುರಿದರು. ಹುಳಿಗೆ ಹುಳಿ ಸೇರಿತು. ಆ ವಾರ ನಾಲ್ಕು ಕೂಸುಗಳನ್ನು ಮಣ್ಣು ಮಾಡಿದರು.

ಸುಣ್ಣ ಸುಟ್ಟು ಮಾರುವ ಸುಣಗಾರರ ಗಾದ್ರವ್ವನ ಮೊಮ್ಮಗಳು ಮೂರು ದಿನದಿಂದ ಕಕ್ಕುತ್ತಿದ್ದಳು. ಗಾದ್ರವ್ವ ಹರಕೆ ಹೊರಲಿಲ್ಲ; ಹೊತ್ತ ಮನೆಗಳ ಕೂಸುಗಳೂ ಹೋದದ್ದನ್ನು ಕಂಡಿದ್ದಳು. ಅವಳ ಕಣ್ಣಿಗೆ ಬಿದ್ದದ್ದು ಬೇರೆ. ಸುಟ್ಟ ಸುಣ್ಣಕ್ಕೆ ನೀರು ಹೊಯ್ದು ಅರಳಿಸುವ ಗುಂಡಿಯಲ್ಲಿ ಅದೇ ಕೆಂಪು ನೀರು ಕೆಸರನ್ನು ತಳಕ್ಕಿಳಿಸಿ ತಿಳಿಯಾಗಿ ನಿಂತಿತ್ತು. ಬೆರಳದ್ದಿ ನೆಕ್ಕಿದಳು. ಹುಳಿಯಿಲ್ಲ, ನಾಲಿಗೆ ಮಾತ್ರ ಚುರುಗುಟ್ಟಿತು. ಅಂದರೆ ಸುಣ್ಣ ಹೆಚ್ಚಾಗಿದೆ, ಅಷ್ಟೇ.

ಮನೆಯಲ್ಲಿದ್ದ ಸುಣ್ಣವೆಲ್ಲ ಪಾಳೆಯಗಾರನ ಕೋಟೆ ಗೋಡೆಗೆ ಮೀಸಲು. ಅದನ್ನು ಹೊತ್ತ ಕತ್ತೆಗಳು ಹೊಂಡದತ್ತ ತಿರುಗಿದಾಗ ಊರಗೌಡ ಅಡ್ಡ ನಿಂತ.

"ತಲೆ ಕೆಟ್ಟೈತೇನವ್ವಾ? ದೊರೆ ಸುಣ್ಣ ಅದು. ಕೋಟೆ ಬಾಗ್ಲಿಗೆ ನಿನ್ನ ತಲೆ ತೂಗುಹಾಕ್ತಾರೆ."

"ಹಾಕ್ಲಿ ಗೌಡ. ನೀನು ಹುಣಿಸೆ ಸುರಿಸ್ದಾಗ ನಾನು ಅಡ್ಡ ಬಂದ್ನಾ? ಸಾರಿಗೆ ಒಗ್ಗರಣೆ ಒಂದೇ ಬಾಕಿ ಇತ್ತು. ಸರಿ ಅತ್ಲಾಗೆ!"

ನಡುಹೊಂಡಕ್ಕೆ ಸುಣ್ಣ ಬಿತ್ತು. ಕೆಂಪು ತಳಕ್ಕಿಳಿಯಿತು. ಬೊಗಸೆ ನೀರಿಗೆ ಅರಿಶಿನ ಹಾಕಿ ನೋಡಿದರೆ ಓಕುಳಿಗೆಂಪು: ಸುಣ್ಣ ಇನ್ನೂ ಹೆಚ್ಚು. ಮೇಲಿನ ಹೊಂಡದ ಹುಳಿನೀರನ್ನು ಅದಕ್ಕೆ ಅಳೆದಳೆದು ಬಿಟ್ಟಳು. ಮೂರನೆಯ ದಿನ ನಾಲಿಗೆಗೆ ಹುಳಿ ಹತ್ತಲಿಲ್ಲ, ಅರಿಶಿನವೂ ಹಳದಿಯಾಗಿಯೇ ಉಳಿಯಿತು. ಕೆಳಹೊಂಡಕ್ಕೆ ಹರಿದ ಆ ನೀರನ್ನು ಮೊದಲು ತಾನು ಕುಡಿದು, ಒಂದು ಕೊಡ ಹೊತ್ತು ಮನೆಗೆ ಓಡಿದಳು. ಕೂಸು ಆಗಲೇ ತಣ್ಣಗಾಗಿತ್ತು.

ಆ ಕೊಡವನ್ನು ಪಕ್ಕದ ಮನೆಯ ತೊಟ್ಟಿಲಿನ ಬಳಿ ಇಳಿಸಿದಳು. ಆ ಕೂಸು ಉಳಿಯಿತು. ಪಾಳೆಯಗಾರನ ಆಳುಗಳು ಬಂದು ಅವಳ ಕೈ ಕಟ್ಟುವಾಗ ಊರ ಹೆಂಗಸರು ಗೋಳಿಟ್ಟರೆ ಗದರಿಸಿದಳಂತೆ: "ಅಳೋದು ಆಮೇಲೆ. ಈ ಗುಡ್ಡ ಒಸರೋದು ನಿಲ್ಲಲ್ಲ. ಸುಣ್ಣ ನಿಲ್ಲಿಸಬ್ಯಾಡ್ರಿ." ಅವಳು ಮರಳಿ ಬರಲಿಲ್ಲ ಎನ್ನುತ್ತಾರೆ.

ಗುಡ್ಡ ಇಂದಿಗೂ ಒಸರುತ್ತಿದೆ. ಸರದಿಯ ಮನೆಯವರು ನಡುಹೊಂಡಕ್ಕೆ ಒಂದು ಬುಟ್ಟಿ ಸುಣ್ಣ ಹಾಕುತ್ತಾರೆ; ಆ ದಿನ ಆ ಮನೆಯವರು ಹುಣಿಸೆ ಮುಟ್ಟುವುದಿಲ್ಲ. ಹೆಂಗಸೊಬ್ಬಳು ನೀರು ನೆಕ್ಕಿ ನೋಡಿ, ಬೊಗಸೆಗೆ ಅರಿಶಿನ ಉದುರಿಸುತ್ತಾಳೆ. ಹಳದಿ ಉಳಿದರೆ ಕೊಡಗಳು ಕೆಳಹೊಂಡಕ್ಕೆ ಇಳಿಯುತ್ತವೆ. ಮೊದಲ ಕೊಡ ತೊಟ್ಟಿಲಿರುವ ಮನೆಗೆ.