ಏರಿಯ ಬುಡದ ನೀರು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಕಾರ ಹುಣ್ಣಿಮೆಯ ದಿನ. ಶಾಲೆಯನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ. ಆಮೇಲೆ ಯಾವ ಊರಲ್ಲೂ ಕಾಲು ನಿಂತಿಲ್ಲ. ಮತ ಹಾಕುವುದಕ್ಕೆ ಮಾತ್ರ ಊರಿಗೆ ಹೋಗುತ್ತೇನೆ. ಈ ಸಲವೂ ಹೋಗಿದ್ದೆ. ನಾನು ಮತ ಕೊಟ್ಟವನು ಸೋತ. ಹಳೆಯದೆಲ್ಲ ಇದ್ದ ಹಾಗೇ ಇರಲಿ ಎನ್ನುವವನು ಗೆದ್ದು ನಾಡಿನ ಅಧಿಪತಿಯಾದ. ಆ ಬೇಸರ ಹೊತ್ತುಕೊಂಡು ಗುರುಗಳ ಬಳಿಗೆ ಬಂದೆ.

"ಗುರುಗಳೇ, ನನಗೆ ಬೇಡವಾದವನು ಗೆದ್ದಿದ್ದಾನೆ. ಇನ್ನು ಅವನನ್ನು ಯಾವ ಕಣ್ಣಿನಿಂದ ನೋಡಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ, ಒಬ್ಬ ಗಾಣಿಗನಿದ್ದ. ಊರಿನ ಮೇಲುಗಡೆ ದೊಡ್ಡ ಕೆರೆ. ಇಬ್ಬರ ಮನೆಯೂ ಕೆರೆಯ ಏರಿಯ ಕೆಳಗೆ. ಮಣ್ಣಿನ ಏರಿ, ಬುಡದಲ್ಲಿ ಸದಾ ಒಂದಿಷ್ಟು ನೀರು ಜಿನುಗುತ್ತಿತ್ತು. ಜಿನುಗುವ ನೀರು ತಿಳಿಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಕೆಂಪಾದರೆ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದು ಅರ್ಥ. ಅದನ್ನು ಮೊದಲು ಕಂಡವನು ಏರಿ ಹತ್ತಿ ಕೂಗಬೇಕು, ಊರವರು ಕೈಗೆ ಸಿಕ್ಕಿದ ಬುಟ್ಟಿಯಲ್ಲಿ ಮಣ್ಣು ತುಂಬಿಕೊಂಡು ಓಡಿ ಬರಬೇಕು. ಅದು ಆ ಊರಿನ ಕಟ್ಟಳೆ.

ಆ ನಾಡಿನವರು ಮತ ಹಾಕಿ ಅಧಿಪತಿಯನ್ನು ಆರಿಸುತ್ತಿದ್ದರು. ಏರಿಗೆ ಕಲ್ಲು ಕಟ್ಟಿಸುತ್ತೇನೆ ಎಂದು ಒಬ್ಬ ಹೇಳಿದ. ಹಿರಿಯರು ಹಾಕಿದ ಏರಿ ಗಟ್ಟಿಯಾಗಿದೆ, ಅದಕ್ಕೆ ಕೈ ಹಚ್ಚುವುದು ಬೇಡ, ಸುಂಕ ಇಳಿಸುತ್ತೇನೆ ಎಂದು ಇನ್ನೊಬ್ಬ ಹೇಳಿದ. ಕುಂಬಾರ ಕಲ್ಲಿನವನಿಗೆ ಮತ ಕೊಟ್ಟ. ಗಾಣಿಗ ಹಳೆಯ ಏರಿಯವನಿಗೆ ಕೊಟ್ಟ. ಹಳೆಯ ಏರಿಯವನು ಗೆದ್ದ.

ಹೊಸ ಅಧಿಪತಿ ಮಾತಿನಂತೆ ಸುಂಕ ಇಳಿಸಿದ. ಸಂತೆಯಲ್ಲಿ ಕುಂಬಾರನ ಮಡಕೆಗಳ ಮೇಲಿನ ಸುಂಕವೂ ಇಳಿಯಿತು. ಅದನ್ನು ಅವನು ಹೆಂಡತಿಗೂ ಹೇಳಲಿಲ್ಲ.

ಮಳೆಗಾಲ ಬಂತು. ಕೆರೆ ತುಂಬಿತು. ಕುಂಬಾರನ ಅಂಗಳದ ಚಪ್ಪರದಡಿ ಹಸಿ ಮಡಕೆಗಳು ಒಣಗುತ್ತಿದ್ದವು. ಮಳೆ ಬಿಟ್ಟರೆ ಆವಿಗೆಯಲ್ಲಿಟ್ಟು ಸುಡಬೇಕು. ಆ ಮಡಕೆಗಳೇ ಅವನ ಮನೆಯ ವರ್ಷದ ಅನ್ನ.

ಒಂದು ಬೆಳಗ್ಗೆ ಅವನು ಜೇಡಿಮಣ್ಣಿನ ಬುಟ್ಟಿ ಹೊತ್ತು ಏರಿಯ ಬುಡದಲ್ಲಿ ಬರುತ್ತಿದ್ದ. ಜಿನುಗುವ ನೀರು ಕೆಂಪಗಿತ್ತು. ನಿಂತ. ಎದುರಿಗೆ ಎತ್ತು ಹೊಡೆದುಕೊಂಡು ಗಾಣಿಗ ಬಂದ. ಅವನೂ ನಿಂತ.

"ಏನಪ್ಪಾ ಕುಂಬಾರ, ನಿಮ್ಮವನ ಕಲ್ಲು ಯಾವ ಗುಡ್ಡದಿಂದ ಹೊರಟಿತು? ಇನ್ನೂ ದಾರಿಯಲ್ಲೇ ಇದೆಯೋ?"

"ನಿಮ್ಮವನು ಇರುವಾಗ ಕಲ್ಲು ಯಾಕೆ ಮಾರಾಯ? ಅವನ ಹೆಸರು ಹೇಳಿದರೆ ನೀರು ತಾನಾಗಿ ಹಿಂದಕ್ಕೆ ಹೋಗುತ್ತದಲ್ಲ."

ಗಾಣಿಗ ನಕ್ಕ. ಕುಂಬಾರನೂ ನಕ್ಕ. ಇಬ್ಬರೂ ಆ ಕೆಂಪು ನೀರಿನ ಮೇಲೆಯೇ ಕಾಲಿಟ್ಟು ದಾಟಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಏರಿ ಒಡೆಯಿತು. ಹಗಲಾದದ್ದರಿಂದ ಜನ ದಿಣ್ಣೆ ಹತ್ತಿ ಉಳಿದುಕೊಂಡರು. ಗಾಣಿಗನ ಗಾಣ ಕೊಚ್ಚಿಹೋಯಿತು. ಕುಂಬಾರನ ಹಸಿ ಮಡಕೆಗಳು ನಿಂತಲ್ಲೇ ಕರಗಿದವು. ಒಡೆದ ಚೂರು ಸಹ ಸಿಗಲಿಲ್ಲ, ಅಂಗಳದ ತುಂಬ ಬರೀ ಕೆಸರು.

ಅಧಿಪತಿ ಕುದುರೆಯ ಮೇಲೆ ಬಂದ. "ನನಗೆ ಯಾರೂ ಹೇಳಲಿಲ್ಲವಲ್ಲ" ಎಂದ. ಅರ್ಧ ಊರು ಅವನನ್ನು ಬೈಯಿತು. ಇನ್ನರ್ಧ ಊರು ಬೈಯುವವರನ್ನು ಬೈಯಿತು.

ಸಂಜೆ ಕುಂಬಾರನೂ ಗಾಣಿಗನೂ ದಿಣ್ಣೆಯ ಮೇಲೆ ಒಂದೇ ಕಂಬಳಿಯಲ್ಲಿ ಕೂತಿದ್ದರು.

"ನಿನಗೆ ಕಂಡಿತ್ತಲ್ಲವೇ?" ಎಂದು ಗಾಣಿಗ ಕೇಳಿದ.

"ಕಂಡಿತ್ತು. ಇನ್ನಷ್ಟು ಸೋರಲಿ, ನಿಮ್ಮವನ ಮಾತು ಎಷ್ಟು ಗಟ್ಟಿ ಅಂತ ಊರು ನೋಡಲಿ ಅಂದುಕೊಂಡೆ. ನಿನಗೆ?"

"ನನಗೂ ಕಂಡಿತ್ತು. ಕೂಗಿದರೆ ನೀನು ನಗುತ್ತೀಯ ಅಂತ ಸುಮ್ಮನಾದೆ."

"ನನ್ನ ತಲೆಯ ಮೇಲೆ ಒಂದು ಬುಟ್ಟಿ ಮಣ್ಣಿತ್ತು ಕಣೋ" ಎಂದ ಕುಂಬಾರ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು.

ಕತೆ ಮುಗಿಯಿತು ಎಂದುಕೊಂಡು ನಾನು ಎದ್ದು ಜೋಳಿಗೆಗೆ ಬಟ್ಟೆ ತುಂಬತೊಡಗಿದೆ. ಮುಂದಿನ ಊರು ದೂರವಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

"ಅಧಿಪತಿಯ ತಪ್ಪೇನೂ ಇಲ್ಲವೇ, ಗುರುಗಳೇ? ಏರಿ ಗಟ್ಟಿಯಾಗಿದೆ ಎಂದವನು ಒಂದು ಸಲ ಬಂದು ನೋಡಬೇಡವೇ?"

"ಇದೆ. ನೋಡಬೇಕಿತ್ತು" ಎಂದರು ಗುರುಗಳು. ನನ್ನ ಜೋಳಿಗೆಯನ್ನು ನೋಡಿದರು. ಆಮೇಲೆ ಕೇಳಿದರು:

"ನೀನು ಮೊನ್ನೆ ಊರಿಗೆ ಹೋಗಿದ್ದೆಯಲ್ಲ, ನಿಮ್ಮ ಕೆರೆಯ ಏರಿಯ ಬುಡದಲ್ಲಿ ನೀರು ಯಾವ ಬಣ್ಣದ್ದಿತ್ತು?"

ನಾನು ಜೋಳಿಗೆಯ ಬಾಯಿ ಕಟ್ಟಿದೆ.