ಮುಚ್ಚದೆ ಬಿಟ್ಟ ಅರವತ್ತಮೂರು ಟ್ಯಾಬು

ಹೊಳೆದಂಡೆಯ ಮಠದಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಅದನ್ನು ನೋಡಿಕೊಳ್ಳಲು ಶಂಭುಲಿಂಗ ಎಂಬ ಶಿಷ್ಯನಿದ್ದ. ಅವನನ್ನು ಮಾತಾಡಿಸುವವರು ಮೊದಲು ಅವನ ಮೂಗು ನೋಡಿಕೊಳ್ಳುತ್ತಿದ್ದರು. ಸಿಟ್ಟು ಸದಾ ಅದರ ತುದಿಯಲ್ಲೇ ಇರುತ್ತಿತ್ತು.

ಅಂದು ಮಧ್ಯಾಹ್ನ ಹನ್ನೆರಡಕ್ಕೆ ಅವನು ಮೌಸನ್ನು ಎತ್ತಿ ಮೇಜಿಗೆ ಕುಕ್ಕಿದ.

"ಹಾಳಾಗಿ ಹೋಗ್ಲಿ ಈ ನೆಟ್!"

ಬೆಂಚಿನ ಮೇಲೆ ಕುಳಿತಿದ್ದ ಹುಡುಗಿ ಬೆಚ್ಚಿಬಿದ್ದಳು. ಅವಳಿಗೆ ಸರ್ಕಾರಿ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಬಂದಿತ್ತು. ಒಪ್ಪಿಗೆ ಪತ್ರ ಇಳಿಸಿಕೊಂಡು, ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಮಧ್ಯಾಹ್ನ ಒಂದರೊಳಗೆ ಕಳಿಸಬೇಕು. ತಪ್ಪಿದರೆ ಸೀಟು ಬೇರೆಯವರ ಪಾಲು. ಫೋನಿನಲ್ಲಿ ಆ ಪತ್ರ ತೆರೆಯುವುದಿಲ್ಲ. ಸುತ್ತ ಹತ್ತು ಹಳ್ಳಿಗೆ ಇದ್ದ ಕಂಪ್ಯೂಟರು ಇದೊಂದೇ.

ಅವಳು ಬಂದದ್ದು ಅಂದೇ ಮೊದಲಲ್ಲ. ಮೊನ್ನೆ ಬಂದಿದ್ದಳು. "ನೆಟ್ ಇಲ್ಲ, ನಾಳೆ ಬಾ" ಎಂದು ಶಂಭುಲಿಂಗ ಕಳಿಸಿದ್ದ. ನಿನ್ನೆಯೂ ಬಂದಿದ್ದಳು. ನಿನ್ನೆಯೂ ಅದೇ ಮಾತು.

"ಅಣ್ಣಾರ, ಇವತ್ತಽ ಕಡೀ ದಿನ ರೀ."

"ನಂಗೇನು ಕಣ್ಣಿಲ್ಲೇನು? ತಿರಗಾಕ ಹತ್ತೈತಿ ನೋಡು. ನಾ ಏನು ಹೊಳೀಗೆ ಹಾರ್ಲಿ?"

ಪರದೆಯ ನಡುವೆ ಪುಟ್ಟ ಚಕ್ರವೊಂದು ತಿರುಗುತ್ತಲೇ ಇತ್ತು.

ಗದ್ದಲ ಕೇಳಿ ಗುರುಗಳು ಒಳಗೆ ಬಂದರು. ಮಠದಲ್ಲಿ ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

"ಯಾರ ಮ್ಯಾಲೋ ಇಷ್ಟು ಸಿಟ್ಟು?"

"ನೆಟ್ ಕೊಡೂ ಕಂಪನಿ ಮ್ಯಾಲೆ ರೀ. ಆ ಕಾಲೇಜಿನ ಸೈಟ್ ಮ್ಯಾಲೆ ರೀ. ಈ ಡಬ್ಬಿ ಮ್ಯಾಲೆ ರೀ."

ಅಜ್ಜಾರು ತಮ್ಮ ಫೋನು ತೆಗೆದು, ಅದೇ ವೈಫೈನಲ್ಲಿ ಕಾಲೇಜಿನ ಮೊದಲ ಪುಟ ಒತ್ತಿದರು. ರೆಪ್ಪೆ ಬಡಿಯುವಷ್ಟರಲ್ಲಿ ಬಂತು.

"ನೆಟ್ ಐತಿ. ಸೈಟೂ ಐತಿ. ಉಳಿದದ್ದು ಡಬ್ಬಿ, ಮತ್ತ ನೀನು."

ಶಂಭುಲಿಂಗ ಕುರ್ಚಿ ಹಿಂದಕ್ಕೆ ದೂಡಿದ.

"ಇದನ್ನ ಕಡೀಗೆ ಬಂದ್ ಮಾಡಿದ್ದು ಯಾವಾಗ?" ಎಂದರು ಅಜ್ಜಾರು.

"ಬಂದ್ ಮಾಡೂದಾ? ದಸರಾಕ್ಕ ನೀವಽ ಪೂಜಿ ಮಾಡಿ ಹಚ್ಚಿದ್ದು ರೀ. ನಿಮ್ಮ ಕೈಲೆ ಹಚ್ಚಿದ್ದನ್ನ ಯಾರರೆ ಆರಸ್ತಾರೇನು?"

ಮೂರು ತಿಂಗಳು ಅದನ್ನು ಅವನು ಆರಲು ಬಿಟ್ಟಿರಲಿಲ್ಲ. ಕರೆಂಟು ಹೋದರೂ ಉರಿಯುತ್ತಿರಲಿ ಎಂದು ಬ್ಯಾಟರಿ ಬೇರೆ ಜೋಡಿಸಿದ್ದ. ಭಕ್ತಿಗೇನೂ ಕೊರತೆ ಇರಲಿಲ್ಲ.

"ನಂದಾದೀಪದ ಬತ್ತಿ ದಿನಾ ಚಿವಟ್ತಿ. ಇದರದು ಒಮ್ಮೆರೆ ಚಿವಟಿದ್ದೇನು?"

ಅಜ್ಜಾರು ಬ್ರೌಸರಿನ ಮೇಲಂಚಿಗೆ ಬೆರಳು ತೋರಿಸಿದರು.

"ಇವೇನು, ಸಾಲಾಗಿ ಕುಂತಾವ?"

"ಎಕ್ಸ್‌ಟೆನ್ಶನ್ ರೀ. ಕಂಪ್ಯೂಟರ್ ಗೊತ್ತಿದ್ದ ಭಕ್ತರು ಬಂದಾಗೊಮ್ಮೆ ಒಂದೊಂದು ಹಾಕಿ ಹೋಗ್ಯಾರ. ಇದು ಪಂಚಾಂಗ. ಇದು ಮಳಿ ಯಾವಾಗ ಅಂತ ಹೇಳ್ತೈತಿ. ಇದು ಯಾವ ಸಾಮಾನು ಎಲ್ಲಿ ಅಗ್ಗ ಅಂತ. ಇದು... ಏನೋ ಐತ್ರೀ. ಒಟ್ಟು ಹತ್ತೊಂಬತ್ತು. ಭಕ್ತರು ಕೊಟ್ಟದ್ದನ್ನ ಬ್ಯಾಡ ಅನಬಾರದು ಅಂತ ಮಠದ ಪದ್ಧತಿ ಐತಲ್ರೀ."

"ಬದನೀಕಾಯಿ ಕೊಟ್ರ ತಗೋತೀವಿ. ಕೊಳತ ಮ್ಯಾಲೂ ಪಲ್ಲೆ ಮಾಡ್ತೀವೇನೋ? ತಗಿ ಎಲ್ಲಾ."

ಸೆಟ್ಟಿಂಗ್ಸ್ ತೆರೆಯುವುದಕ್ಕೇ ನಾಲ್ಕು ನಿಮಿಷ ಹಿಡಿಯಿತು. ಶಂಭುಲಿಂಗ ಹಲ್ಲು ಕಚ್ಚಿ ಒಂದೊಂದನ್ನೇ ಕಿತ್ತ.

"ನೋಡಿದ ಪುಟಗಳ ಚಿತ್ರ, ಚೂರುಪಾರು ಎಲ್ಲಾ ಬ್ರೌಸರು ಗಂಟು ಕಟ್ಟಿ ಇಟ್ಟಿರ್ತೈತಿ. ಅದನ್ನೂ ಅಳಿಸು. ಪಾಸ್‌ವರ್ಡ್ ಮುಟ್ಟಬ್ಯಾಡ," ಎಂದರು ಅಜ್ಜಾರು.

ಅಳಿಸಿದ. ಹನ್ನೆರಡು ಇಪ್ಪತ್ತಾಯಿತು. ಹುಡುಗಿ ಗೋಡೆ ಗಡಿಯಾರ ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ.

"ಈಗ ಈ ಟ್ಯಾಬುಗಳು," ಎಂದರು ಅಜ್ಜಾರು.

ಶಂಭುಲಿಂಗ ಪರದೆಗೆ ಕೈ ಅಡ್ಡ ಹಿಡಿದ.

"ಇವನ್ನ ಮಾತ್ರ ಮುಟ್ಟಬ್ಯಾಡ್ರಿ!"

"ಎಷ್ಟದಾವ?"

"ಅರವತ್ತಮೂರು."

"ಶಿವಭಕ್ತ ಪುರಾತನರೂ ಅಷ್ಟಽ ಮಂದಿ. ಇವರು ಯಾರಪಾ?"

"ನಿಮ್ಮ ಪ್ರವಚನದ ವಿಡಿಯೋ ಕೆಳಗ ನಿಮಗ ಬೈದು ಬರದವರು ರೀ. ಒಬ್ಬೊಬ್ಬಗೂ ಉತ್ತರ ಕೊಡಬೇಕು. ಮುಚ್ಚಿದ್ರ ಮತ್ತ ಹುಡುಕೂದು ಎಲ್ಲಿ?"

ಕೇಳುವವರಿಗೆ ಇಲ್ಲಿ ಸಿಟ್ಟು ಬಂದರೆ ಬರಲಿ, ಬರಬೇಕಾದದ್ದೇ. ಆದರೆ ಅವನಿಗೆ ಅಜ್ಜಾರೆಂದರೆ ಪ್ರಾಣ. ದಿನವೂ ಬೆಳಿಗ್ಗೆ ಆ ಬೈಗುಳಗಳನ್ನೆಲ್ಲ ಒಮ್ಮೆ ಓದಿ, ಮೈ ಉರಿಸಿಕೊಂಡೇ ಅವನು ಕೆಲಸಕ್ಕೆ ಕೂರುತ್ತಿದ್ದ.

"ಅವರ ಹೆಸರು ಗೊತ್ತದಾವೇನು?"

"ಯಾಕ ಗೊತ್ತಿಲ್ಲ! ಗಿರಿಮಲ್ಲ, ಆಚೀ ದಂಡೀಯಂವ, ಎರಡು ಸಲ. ಕಿರಾಣಿ ಅಂಗಡಿ ಸೋಮನಾಳಪ್ಪ, ಹುಣ್ಣಿವಿ ದಿನ. ಆಮ್ಯಾಲೆ ಆ ನಿವೃತ್ತ ಮಾಸ್ತರ, ಇಂಗಳಗಿ..."

"ಈ ಹುಡುಗಿ ಹೆಸರೇನು?"

ಶಂಭುಲಿಂಗ ಬಾಯಿ ತೆರೆದ. ಹಾಗೇ ಮುಚ್ಚಿದ.

"ಹುಲಿಗೆಮ್ಮ ರೀ," ಎಂದಳು ಹುಡುಗಿ. ಈಗ ಸಿಟ್ಟು ಅವಳ ದನಿಯಲ್ಲೂ ಇತ್ತು. "ಮೊನ್ನೇನೂ ಹೇಳಿದ್ದೆ. ನಿನ್ನೇನೂ ಹೇಳಿದ್ದೆ."

ಶಂಭುಲಿಂಗ ಕುಳಿತು ಟ್ಯಾಬು ಮುಚ್ಚತೊಡಗಿದ. ಗಿರಿಮಲ್ಲ ಹೋದ, ಸೋಮನಾಳಪ್ಪ ಹೋದ, ಮಾಸ್ತರರು ಹೋದರು. ಒಂದೊಂದು ಮುಚ್ಚುವಾಗಲೂ ಹಲ್ಲು ಕೀಳಿಸಿಕೊಂಡವನ ಹಾಗೆ ಮುಖ ಮಾಡುತ್ತಿದ್ದ. ಕೊನೆಗೆ ಒಂದು ಉಳಿಯಿತು. ಅವನ ಕೈ ನಿಂತಿತು.

"ಇದೊಂದು ಇರ್ಲಿ ರೀ. ಇಂವ ಭಾಳ ಕೆಟ್ಟ ಬರದಾನ."

"ಓದು."

"ಬ್ಯಾಡ್ರಿ ಅಜ್ಜಾರ."

"ಓದಲೇ!"

ಅಜ್ಜಾರ ಬಾಯಲ್ಲಿ ಅಂಥ ಮಾತನ್ನು ಅವನು ಎಂದೂ ಕೇಳಿರಲಿಲ್ಲ. ಪರದೆಗೆ ಬಾಗಿ ಓದಿದ.

"'ಈ ಮಠದವರು ಉಣ್ಣೂದು, ಮಲಗೂದು ಬಿಟ್ರ ಏನೂ ಮಾಡಂಗಿಲ್ಲ. ಬಡವರ ಮಕ್ಕಳು ಬಾಗಲಿಗೆ ಬಂದ್ರ ತಿರುಗಿ ಕಳಸ್ತಾರ.' ಎಂಥಾ ಸುಳ್ಳು ನೋಡ್ರಿ! ಇಂಥವನ ನಾಲಿಗಿ..."

"ಬರದು ಎಷ್ಟು ದಿನ ಆತು?"

"ಎರಡು ತಿಂಗಳಾತ್ರೀ."

"ಬರದಾಗ ಸುಳ್ಳಽ ಇತ್ತು. ಮೊನ್ನೆಯಿಂದ ಖರೆ ಐತಿ. ಖರೆ ಮಾಡಿದಾಂವ ನೀನು."

ಯಾರ ಮೇಲೆ ಸಿಟ್ಟಾಗಬೇಕೆಂದು ಅವನಿಗೆ ತಿಳಿಯಲಿಲ್ಲ, ತಿಳಿದಾಗ ಅದನ್ನು ತಾಳಿಕೊಳ್ಳುವುದು ಕಷ್ಟವಾಯಿತು. ಆ ಟ್ಯಾಬನ್ನೂ ಮುಚ್ಚಿದ.

ಮೂಲೆಯಲ್ಲಿ ಕೆಂಪು ಗುರುತೊಂದು ಬ್ರೌಸರನ್ನು ಹೊಸದು ಮಾಡಿಕೋ ಎಂದು ಮೂರು ತಿಂಗಳಿಂದ ಕೇಳುತ್ತಿತ್ತು. ಅದನ್ನೂ ಒತ್ತಿದ. ಆಮೇಲೆ ಕಂಪ್ಯೂಟರನ್ನೇ ಆರಿಸಿದ. ಪರದೆ ಕಪ್ಪಾದಾಗ ಅವನ ಕೈ ತಾನಾಗಿ ಮುಗಿದುಕೊಂಡಿತು. ಮತ್ತೆ ಹಚ್ಚಿದ.

ಹನ್ನೆರಡು ನಲವತ್ತೊಂದು. ಪುಟ ಬಂತು. ಸುತ್ತುವ ಚಕ್ರ ಕಾಣಲೇ ಇಲ್ಲ.

ಪತ್ರ ಇಳಿಯಿತು. ಪ್ರಿಂಟರು ಕರ್ ಎಂದಿತು. ಹುಲಿಗೆಮ್ಮ ಮೇಜಿಗೆ ಬಾಗಿ ಸಹಿ ಹಾಕಿದಳು. ಅವಸರದಲ್ಲಿ ಕೊನೆಯ ಅಕ್ಷರ ಸೊಟ್ಟಗಾಯಿತು. ಸ್ಕ್ಯಾನ್ ಮಾಡಿ ಕಳಿಸಿದಾಗ ಒಂದಕ್ಕೆ ಒಂಬತ್ತು ನಿಮಿಷ ಬಾಕಿ. ಸೀಟು ಖಾಯಂ ಎಂದು ಪರದೆ ಹೇಳಿತು.

ಅವಳು ಕಾಗದ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಅಜ್ಜಾರಿಗೆ ಕೈ ಮುಗಿದಳು. ಬಾಗಿಲಲ್ಲಿ ನಿಂತು ಶಂಭುಲಿಂಗನತ್ತ ತಿರುಗಿದಳು.

"ಮೊನ್ನೇನಽ ಆಗ್ತಿತ್ತಲ್ರೀ ಇದು. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ ನಾನು."

ಅಷ್ಟೇ ಹೇಳಿ ಹೋದಳು.

ಶಂಭುಲಿಂಗ ಮೌಸನ್ನು ಸದ್ದಾಗದಂತೆ ಬದಿಗೆ ಸರಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಅಜ್ಜಾರ, ಇದು ಮತ್ತ ನಿಧಾನ ಆದ್ರ ಮೊದಲ ಏನು ನೋಡ್ಲಿ? ಟ್ಯಾಬೋ, ಎಕ್ಸ್‌ಟೆನ್ಶನ್ನೋ?"

ಅಜ್ಜಾರು ಎದ್ದು ಹೊರಟಿದ್ದರು. ತಿರುಗಿ ನೋಡದೆ ಹೇಳಿದರು:

"ಕಾಯಾಕ ಹತ್ತಿದವರ ಮಾರಿ ನೋಡು."